ಚಿಕ್ಕ ತರಗತಿ, ದೊಡ್ಡ ಪ್ರಶ್ನೆ

ತರಗತಿಯಲ್ಲಿ ಮಕ್ಕಳು ಕಡಿಮೆ ಇದ್ದರೆ ಚೆನ್ನಾಗಿ ಕಲೀತಾರಾ? ಎರಡು ಶಾಲೆಗಳ ಅಂಕ ಹೋಲಿಸಿದರೆ ಉತ್ತರ ಸಿಗಲ್ಲ. ಒಂದು ಕಡೆ ಅನುಕೂಲಸ್ಥರ ಮಕ್ಕಳೇ ಸೇರಿರಬಹುದು, ಮನೆಪಾಠವೂ ಇರಬಹುದು.

1985ರಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ಶುರುವಾದ ‘ಸ್ಟಾರ್’ ಪ್ರಯೋಗ ನೋಡಿ. 79 ಶಾಲೆ. ಒಂದೇ ಶಾಲೆಯೊಳಗೆ ಯಾವ ಮಗು 13–17 ಮಕ್ಕಳ ತರಗತಿಗೆ, ಯಾವುದು 22–25 ಮಕ್ಕಳ ತರಗತಿಗೆ ಅನ್ನೋದು ಲಾಟರಿಯಂತೆ ನಿರ್ಧಾರವಾಯ್ತು. ಶಿಕ್ಷಕರ ಹಂಚಿಕೆಯೂ ಹಾಗೇ! ನನಗೆ ತುಂಬಾ ಹಿಡಿಸಿದ್ದು ಇದೇ: ಒಳ್ಳೇ ಮೇಷ್ಟ್ರನ್ನ ಬೇಕಾದ ಕಡೆ ಹಾಕಿಸಿಕೊಳ್ಳೋಕೆ ಶಿಫಾರಸು ನಡೆಯಲ್ಲ.

ಆದರೂ ಆಮೇಲೆ ಕೆಲವು ಮಕ್ಕಳು ತರಗತಿ ಬದಲಿಸಿದರು. ಅದಕ್ಕೇ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್, ಮಗು ಈಗ ಎಲ್ಲಿ ಕೂತಿದೆ ಅಂತಲ್ಲ, ಲಾಟರಿ ಮೊದಲು ಎಲ್ಲಿಗೆ ಕಳಿಸಿತ್ತು ಅನ್ನೋದನ್ನೇ ಹಿಡಿದು ಲೆಕ್ಕ ಹಾಕಿದರು. ಆಗಲೂ ಚಿಕ್ಕ ತರಗತಿಯವರೇ ಮುಂದಿದ್ದರು.