ಟರ್ಬೊ ಯಂತ್ರವು ಸೇವಿಸುವ ಗಾಳಿಯ ತೂಕ

ಬೆಂಗಳೂರಿನ ಪಶ್ಚಿಮಭಾಗದ ನಂದಿನಿ ಲೇಔಟು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದು. ಅಲ್ಲಿಯ ವಾಯುಭಾರವು ಮಂಗಳೂರಿನದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಆದಕಾರಣ ಕರಾವಳಿಯಲ್ಲಿ ಹದಗೊಳಿಸಿದ ಟರ್ಬೊ ಕಾರಿನ ಅಳತೆಗಳನ್ನು ಇಲ್ಲಿ ಹಾಗೆಯೇ ನೆಚ್ಚಲಾಗದು. ಒತ್ತಡಮಾಪಕದ ಮುಳ್ಳು ತೋರುವುದು ಹೊರಗಿನ ಒತ್ತಡಕ್ಕಿಂತ ಹೆಚ್ಚಾದುದನ್ನು ಮಾತ್ರ; ಒಳಹೊಕ್ಕ ಗಾಳಿಯ ತೂಕವನ್ನಲ್ಲ. ಪೆಟ್ರೋಲನ್ನು ಬೆರಸಬೇಕಾದುದಾದರೋ ತೂಕಕ್ಕೆ ತಕ್ಕಂತೆ.

ತೂಕವನ್ನರಿಯಲು ಲೆಕ್ಕದ ದಾರಿಯೊಂದುಂಟು. 2 ಲೀಟರಿನ ಯಂತ್ರವು ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆ ತುಂಬಿಕೊಂಡು, ಸೆಕೆಂಡಿಗೆ 100 ಲೀಟರು ಗಾಳಿಯನ್ನು ಎಳೆಯುವುದು. ಒಳಗಿನ ಪೂರ್ಣ ಒತ್ತಡವು 2 ಬಾರ್, ಉಷ್ಣತೆಯು 47 ಡಿಗ್ರಿ ಇದ್ದರೆ ಅದರ ತೂಕ ಸುಮಾರು 218 ಗ್ರಾಂ. ಈ 2 ಬಾರಿಗೆ ಮಂಗಳೂರಿನಲ್ಲಿ ಮುಳ್ಳು 1ನ್ನು ತೋರಿದರೆ ಸಾಕು, ನಂದಿನಿ ಲೇಔಟಿನಲ್ಲಿ 1.1ನ್ನು ತೋರಬೇಕು. ಸಿಲಿಂಡರುಗಳು ಪೂರ್ತಿಯಾಗಿ ತುಂಬುವುವೆಂದು ಇಟ್ಟುಕೊಂಡ ಲೆಕ್ಕವಿದು. ತುಂಬುವ ಪ್ರಮಾಣವು ವೇಗದೊಡನೆ ಮಾರ್ಪಡುವುದರಿಂದ ಅದನ್ನು ಪರೀಕ್ಷಿಸಿಯೇ ಕಂಡುಕೊಳ್ಳತಕ್ಕದ್ದು.

ಇನ್ನೊಂದು ಕಾದ ತಂತಿಯ ದಾರಿ. ಹರಿವಿನಲ್ಲಿಟ್ಟ ತಂತಿಯು ತಣಿಯದಂತೆ ನೋಡಿಕೊಳ್ಳಲು ಬೇಕಾಗುವ ವಿದ್ಯುತ್ತಿನಿಂದ ಗಾಳಿಯ ತೂಕವು ನೇರವಾಗಿ ತಿಳಿಯುವುದು. ಅದಕ್ಕೆ ಘಟ್ಟವೂ ಕಡಲೂ ಒಂದೇ. ಆದರೆ ಅನೇಕ ಉಪಕರಣಗಳ ಸೂಚನೆಯು 5 ವೋಲ್ಟಿಗೆ ನಿಂತುಬಿಡುತ್ತದೆ. ದೊಡ್ಡ ಟರ್ಬೊವನ್ನು ಕೂರಿಸಿದ ಬಳಿಕ ಗಾಳಿ ಮತ್ತೂ ಏರಿದರೂ, ಕಾರಿನ ಗಣಕವು ಅದನ್ನರಿಯದೆ ಪೆಟ್ರೋಲನ್ನು ಹಿಂದಿನಷ್ಟೇ ಕೊಡುವುದು. ಅಕಾಲಸ್ಫೋಟದ ಬಡಿತ ಕೇಳಿಬರುವ ಹೊತ್ತಿಗೆ ಪಿಸ್ಟನ್ನು ಕರಗಿರುವುದೂ ಉಂಟು. ತಂತಿಯನ್ನು 70 ಮಿಲಿಮೀಟರಿನ ಕೊಳವೆಯಿಂದ 80ರದಕ್ಕೆ ಬದಲಾಯಿಸಿದರೆ ಮೇರೆಯು ನೂರಕ್ಕೆ 30ರಷ್ಟು ಮೇಲೇರುವುದು ದಿಟ. ಗಣಕದ ಕೋಷ್ಟಕವನ್ನೂ ಅದೇ ಪ್ರಮಾಣದಲ್ಲಿ ತಿದ್ದದಿದ್ದರೆ ಎಲ್ಲ ವೇಗಗಳಲ್ಲಿಯೂ ಪೆಟ್ರೋಲು ಕಡಮೆಬೀಳುವುದು.