ಪರಿಹಾರವೆಂಬ ತಕ್ಕಡಿ

ಇಂಗ್ಲಿಷಿನ ‘ಕಾಂಪೆನ್ಸೇಷನ್’ ಪದವು ‘ಜೊತೆಯಲ್ಲಿಟ್ಟು ತೂಗು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದಿದ್ದು, ನಷ್ಟವನ್ನು ಅದಕ್ಕೆ ಸಮನಾದುದರಿಂದ ಸರಿದೂಗಿಸುವ ಕಲ್ಪನೆ ಅದರ ಅರ್ಥಗಳಲ್ಲಿ ಇಂದಿಗೂ ಉಳಿದಿದೆ. ದುಡಿಮೆಗೆ ಪ್ರತಿಯಾಗಿ ಸಲ್ಲುವ ಸಂಬಳ, ಭತ್ಯೆಗಳನ್ನು ಸೂಚಿಸುವಾಗ ‘ರೆಮ್ಯುನರೇಷನ್’, ಅಂದರೆ ಸಂಭಾವನೆ, ಅದರ ಸಮಾನಪದವಾಗುತ್ತದೆ. ಹಾನಿಯನ್ನು ತುಂಬಿಕೊಡುವ ಅರ್ಥದಲ್ಲಿ ಅದು ಕನ್ನಡದ ‘ಪರಿಹಾರ’ಕ್ಕೆ ಸಮೀಪವಾಗುತ್ತದೆ.

ಕಾನೂನಿನಲ್ಲಿ ಮಾತ್ರ ಈ ಎರಡನೆಯ ಅರ್ಥದ ಸಮಾನಪದಗಳ ಎಲ್ಲೆಗಳು ಬೇರೆಬೇರೆ: 1872ರ ಭಾರತೀಯ ಕರಾರು ಅಧಿನಿಯಮದ 73ನೆಯ ಪ್ರಕರಣವು ಕರಾರು ಮುರಿದುದರಿಂದ ನೊಂದ ಪಕ್ಷಕ್ಕೆ ಸಲ್ಲಬೇಕಾದ ನಷ್ಟಪರಿಹಾರವನ್ನು ಹೇಳಿದರೆ, 124ನೆಯದು ಒಬ್ಬನಿಗೆ ಒದಗಬಹುದಾದ ನಷ್ಟದಿಂದ ಅವನನ್ನು ಕಾಪಾಡುವುದಾಗಿ ಇನ್ನೊಬ್ಬ ಕೊಡುವ ‘ಇಂಡೆಮ್ನಿಟಿ’ ಎಂಬ ಭರವಸೆಯನ್ನು ವಿವರಿಸುತ್ತದೆ. ಅನ್ಯಾಯವಾಗಿ ಪಡೆದುದನ್ನು ಮರಳಿಸುವುದು ‘ರೆಸ್ಟಿಟ್ಯೂಷನ್’ ಎನಿಸಿದರೆ, 1919ರ ವರ್ಸೇಲ್ಸ್ ಒಪ್ಪಂದವು ಜರ್ಮನಿಯ ಮೇಲೆ ಹೊರಿಸಿದಂಥ ಯುದ್ಧಹಾನಿಯ ಭರ್ತಿ ‘ರೆಪರೇಷನ್’ ಎನಿಸುತ್ತದೆ.