ಆಟದಲ್ಲಿ ತಲೆಗೆ ಪೆಟ್ಟು: ಮಗು ಹೇಳದಿದ್ದರೂ ನೀವು ಗುರುತಿಸಿ

ಸಂಜೆ ಮೈದಾನದಿಂದ ಮರಳಿದ ಮಗನ ಮೊಣಕಾಲು ಸುಲಿದಿದ್ದರೆ ನೀವು ಕೂಡಲೇ ತೊಳೆದು ಮುಲಾಮು ಹಚ್ಚುತ್ತೀರಿ. ಕೈ ಊದಿಕೊಂಡಿದ್ದರೆ ಎಕ್ಸ್‌ರೇ ತೆಗೆಸಲು ಓಡುತ್ತೀರಿ. ಆದರೆ ಆತ, "ಆಟದಲ್ಲಿ ತಲೆಗೆ ತಲೆ ಬಡಿಯಿತು, ಸ್ವಲ್ಪ ನೋಯುತ್ತಿದೆ" ಎಂದರೆ? ರಕ್ತ ಬಂದಿಲ್ಲ, ಊದಿಯೂ ಇಲ್ಲ, ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ನಾವು ಸುಮ್ಮನಾಗುತ್ತೇವೆ. ಮರುದಿನ ಆತ ಮತ್ತೆ ಚೆಂಡಿನ ಹಿಂದೆ ಓಡುತ್ತಾನೆ.

ಈ ಸಣ್ಣ ಅಸಡ್ಡೆ ಕೆಲವೊಮ್ಮೆ ಇಡೀ ಬದುಕಿನ ಬೆಲೆ ಕೇಳುತ್ತದೆ. ತಲೆಗೆ ಬಿದ್ದ ಪೆಟ್ಟಿನಿಂದ ಮೆದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದನ್ನು ವೈದ್ಯರು ‘ಕನ್‌ಕಷನ್’ ಎನ್ನುತ್ತಾರೆ. ಹೊರಗೆ ಗಾಯ ಕಾಣದ ಕಾರಣ ಹೆತ್ತವರು ಇದರ ಬಗ್ಗೆ ಹೆಚ್ಚು ಎಚ್ಚರದಿಂದಿರಬೇಕು.

ಒಳಗೆ ಏನಾಗುತ್ತದೆ?

ನಮ್ಮ ಮೆದುಳು ತಲೆಬುರುಡೆಯೊಳಗೆ ದ್ರವದ ನಡುವೆ ಇರುವ ಬಹಳ ಮೃದುವಾದ ಅಂಗ. ಡಬ್ಬಿಯನ್ನು ಜೋರಾಗಿ ಅಲುಗಿಸಿದರೆ ಒಳಗಿನ ಮೊಸರು ಕದಡಿಹೋಗುತ್ತದೆ, ಡಬ್ಬಿಗೆ ಏನೂ ಆಗುವುದಿಲ್ಲ. ತಲೆಗೆ ಪೆಟ್ಟು ಬಿದ್ದಾಗ ಅಥವಾ ದೇಹಕ್ಕೆ ಬಿದ್ದ ಹೊಡೆತದಿಂದ ತಲೆ ರಭಸವಾಗಿ ಅಲುಗಿದಾಗಲೂ ಹೀಗೆಯೇ. ಮೆದುಳಿನ ಜೀವಕೋಶಗಳ ರಾಸಾಯನಿಕ ಸಮತೋಲನ ತಪ್ಪುತ್ತದೆ. ಅದನ್ನು ಸರಿಪಡಿಸಲು ಮೆದುಳಿಗೆ ಹೆಚ್ಚಿನ ಶಕ್ತಿ ಬೇಕು. ಈ ಹೊತ್ತಿನಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ತಾಳಿಕೊಳ್ಳುವ ಸಾಮರ್ಥ್ಯ ಅದಕ್ಕಿರುವುದಿಲ್ಲ. ಅಪರೂಪಕ್ಕಾದರೂ ಮೆದುಳು ಊದಿಕೊಂಡು ಜೀವಕ್ಕೇ ಅಪಾಯವಾಗಬಹುದು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಈ ಅಪಾಯ ಹೆಚ್ಚು.

ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಅಥವಾ ಮೂಳೆ ಮುರಿತ ಕಾಣುತ್ತದೆ, ಈ ಏರುಪೇರು ಕಾಣುವುದಿಲ್ಲ. ಆದ್ದರಿಂದ ಸ್ಕ್ಯಾನ್ ಸರಿಯಾಗಿದೆ ಎಂದ ಮಾತ್ರಕ್ಕೆ ಮಗು ನಾಳೆಯೇ ಆಡಬಹುದೆಂದು ಅರ್ಥವಲ್ಲ.

ಝಾಕರಿಗೆ ಏನಾಯಿತು?

ಅಮೆರಿಕದಲ್ಲಿ ‘ಫುಟ್‌ಬಾಲ್’ ಎಂದರೆ ನಾವು ಆಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎದುರಾಳಿಯನ್ನು ಹಿಡಿದು ಕೆಡವುವ ಒರಟು ಆಟವದು. ಶಾಲಾ ಬಾಲಕರೂ ಹೆಲ್ಮೆಟ್ ಧರಿಸಿ ಅದನ್ನು ಆಡುತ್ತಾರೆ.

2006ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಬಾಲಕ ಝಾಕರಿ ಲೈಸ್ಟೆಡ್ ಶಾಲಾ ಪಂದ್ಯವೊಂದರಲ್ಲಿ ಎದುರಾಳಿಯನ್ನು ತಡೆಯಲು ಹೋಗಿ ಬಿದ್ದ. ತಲೆ ನೆಲಕ್ಕೆ ಬಡಿಯಿತು. ಹೆಲ್ಮೆಟನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಆತ ಮಲಗಿದ್ದ. ಸ್ವಲ್ಪ ಹೊತ್ತು ಹೊರಗೆ ಕುಳಿತ ಬಳಿಕ ದ್ವಿತೀಯಾರ್ಧದಲ್ಲಿ ಮತ್ತೆ ಮೈದಾನಕ್ಕಿಳಿದ. ಪಂದ್ಯ ಮುಗಿಯುತ್ತಿದ್ದಂತೆ ಕುಸಿದುಬಿದ್ದ.

ಆತನನ್ನು ಹೆಲಿಕಾಪ್ಟರ್‌ನಲ್ಲಿ ಸಿಯಾಟಲ್‌ನ ಆಸ್ಪತ್ರೆಗೆ ಒಯ್ಯಲಾಯಿತು. ಊದಿಕೊಂಡ ಮೆದುಳಿನ ಮೇಲಿನ ಒತ್ತಡ ತಗ್ಗಿಸಲು ತಲೆಬುರುಡೆಯ ಎರಡೂ ಬದಿಯ ಮೂಳೆಯನ್ನು ತೆಗೆಯಬೇಕಾಯಿತು. ಝಾಕರಿ ಬದುಕುಳಿದ. ಆದರೆ ಮೊದಲ ಮಾತು ಆಡಲು ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಓಡಾಡುತ್ತಿದ್ದ ಹುಡುಗ ಗಾಲಿಕುರ್ಚಿ ಸೇರಿದ.

ಆತನ ಹೆತ್ತವರು ಕಣ್ಣೀರಿನಲ್ಲೇ ದಿನ ಕಳೆಯಲಿಲ್ಲ. ಇನ್ನೊಂದು ಮನೆಗೆ ಈ ಗತಿ ಬಾರದಿರಲೆಂದು ವೈದ್ಯರೊಂದಿಗೆ, ವಕೀಲರೊಂದಿಗೆ ಸೇರಿ ದುಡಿದರು. 2009ರ ಮೇ ತಿಂಗಳಲ್ಲಿ ಆ ರಾಜ್ಯದಲ್ಲಿ ‘ಲೈಸ್ಟೆಡ್ ಕಾನೂನಿಗೆ’ ಸಹಿ ಬಿತ್ತು. ಅದರ ತಿರುಳು ಮೂರೇ ಮಾತು: ಒಂದು, ಆಟಗಾರನೂ ಹೆತ್ತವರೂ ಪ್ರತಿವರ್ಷ ತಲೆಪೆಟ್ಟಿನ ಮಾಹಿತಿ ಪತ್ರ ಓದಿ ಸಹಿ ಹಾಕಬೇಕು. ಎರಡು, ಸಂಶಯ ಬಂದ ಕೂಡಲೇ ಮಗುವನ್ನು ಆಟದಿಂದ ಹೊರಗೆ ಕರೆಯಬೇಕು. ಮೂರು, ಇದರಲ್ಲಿ ತರಬೇತಾದ ಆರೋಗ್ಯ ತಜ್ಞರ ಲಿಖಿತ ಒಪ್ಪಿಗೆಯಿಲ್ಲದೆ ಮತ್ತೆ ಆಡಿಸಬಾರದು. 2014ರ ಹೊತ್ತಿಗೆ ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಮಕ್ಕಳ ತಲೆಪೆಟ್ಟಿನ ಬಗ್ಗೆ ಕಾನೂನುಗಳು ಬಂದವು.

ಝಾಕರಿಯ ತಲೆಯ ಮೇಲೆ ಹೆಲ್ಮೆಟ್ ಇತ್ತೆಂಬುದನ್ನು ಗಮನಿಸಿ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಪಾಡೀತು, ಒಳಗಿನ ಮೆದುಳು ಅಲುಗಾಡುವುದನ್ನು ಪೂರ್ತಿ ತಡೆಯಲಾರದು.

ನಮ್ಮ ಕಾಲ್ಚೆಂಡಾಟದಲ್ಲಿ?

ಅಮೆರಿಕದ ಒರಟು ಆಟದ ಸುದ್ದಿ ನಮಗೇಕೆ ಎಂದು ನೀವು ಕೇಳಬಹುದು. ಆದರೆ ಕಾಲ್ಚೆಂಡಾಟದಲ್ಲಿಯೂ ಈ ಅಪಾಯವಿದೆ. ಎತ್ತರದ ಚೆಂಡಿಗಾಗಿ ಇಬ್ಬರು ಹಾರಿದಾಗ ತಲೆಗೆ ತಲೆ ಬಡಿಯುತ್ತದೆ, ಮೊಣಕೈ ತಾಗುತ್ತದೆ. ಗೋಲುಕೀಪರ್ ಕಂಬಕ್ಕೆ ಅಪ್ಪಳಿಸುವುದೂ ಉಂಟು. ಈ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಲ್ಲಿ ಕನ್‌ಕಷನ್ ಪ್ರಮಾಣ ಹೆಚ್ಚೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಮಗಳನ್ನು ಆಟಕ್ಕೆ ಕಳುಹಿಸುವವರಿಗೂ ಇದು ತಿಳಿದಿರಲಿ.

2015ರಲ್ಲಿ ಅಮೆರಿಕದ ಕಾಲ್ಚೆಂಡು ಸಂಸ್ಥೆಯು ತನ್ನ ಅಧೀನದ ತಂಡಗಳಲ್ಲಿ 10 ವರ್ಷ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನು ನಿಲ್ಲಿಸಿತು. 2020ರಲ್ಲಿ ಇಂಗ್ಲೆಂಡ್‌ನ ಸಂಸ್ಥೆಯು ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಅದನ್ನು ಕಲಿಸಬಾರದೆಂದು ಸೂಚಿಸಿತು. ಆಟವನ್ನು ಪ್ರಾಣದಂತೆ ಪ್ರೀತಿಸುವ ದೇಶಗಳೇ ಇಷ್ಟು ಜಾಗ್ರತೆ ವಹಿಸುತ್ತಿವೆ.

ಹೇಗೆ ಗುರುತಿಸುವುದು?

ಪ್ರಜ್ಞೆ ತಪ್ಪಿದರೆ ಮಾತ್ರ ಗಂಭೀರ ಎಂಬುದು ತಪ್ಪು ತಿಳಿವಳಿಕೆ. ಕನ್‌ಕಷನ್ ಆದ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಪೆಟ್ಟು ಹೇಗೆ ಬಿತ್ತೆಂಬುದೇ ನೆನಪಿಲ್ಲದಿರುವುದು, ಕಾರಣವಿಲ್ಲದೆ ಸಿಡುಕುವುದು ಅಥವಾ ಅಳುವುದು ಇದರ ಲಕ್ಷಣಗಳು. ಕೆಲವು ಕೂಡಲೇ ಕಾಣುತ್ತವೆ, ಕೆಲವು ಗಂಟೆಗಳ ನಂತರ ಅಥವಾ ಮರುದಿನ ಕಾಣಿಸಿಕೊಳ್ಳುತ್ತವೆ.

ತಲೆನೋವು ಹೆಚ್ಚುತ್ತಲೇ ಹೋದರೆ, ಪದೇ ಪದೇ ವಾಂತಿಯಾದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಮಗುವನ್ನು ಎಬ್ಬಿಸಲು ಕಷ್ಟವಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಧಾವಿಸಿ.

ನೀವು ಮಾಡಬೇಕಾದುದು

ಸಂಶಯ ಬಂದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಫೈನಲ್ ಪಂದ್ಯವೇ ಆಗಿರಲಿ, ಈ ಮಾತಿನಲ್ಲಿ ರಾಜಿ ಬೇಡ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಸೈಕಲ್ ತುಳಿದು ಮನೆಗೆ ಬರಲು ಹೇಳಬೇಡಿ. ವೈದ್ಯರಿಗೆ ತೋರಿಸಿ. ಅವರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ.

ಮೊದಲ ಒಂದೆರಡು ದಿನ ಓಟ, ಆಟ ಬೇಡ. ಮೊಬೈಲ್, ಟಿ.ವಿ. ಕಡಿಮೆಯಿರಲಿ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಅಗತ್ಯವಿಲ್ಲ. ಮನೆಯೊಳಗಿನ ಓಡಾಟ, ಲಘು ನಡಿಗೆ ಒಳ್ಳೆಯದೆಂದು ಈಗ ತಜ್ಞರು ಹೇಳುತ್ತಾರೆ. ಮೊದಲು ಓದು, ಶಾಲೆ ನಿಧಾನವಾಗಿ ಆರಂಭವಾಗಲಿ. ಬಳಿಕ ವೈದ್ಯರ ಸಲಹೆಯಂತೆ ನಡಿಗೆ, ಓಟ, ಅಭ್ಯಾಸ, ಕೊನೆಗೆ ಪಂದ್ಯ ಹೀಗೆ ಹಂತಹಂತವಾಗಿ ಸಾಗಲಿ. ಪ್ರತಿ ಹಂತಕ್ಕೂ ಕನಿಷ್ಠ ಒಂದು ದಿನ ಬೇಕು. ಸರಿಯಾಗಿ ನೋಡಿಕೊಂಡರೆ ಹೆಚ್ಚಿನ ಮಕ್ಕಳು ಒಂದು ತಿಂಗಳೊಳಗೆ ಪೂರ್ಣ ಗುಣವಾಗುತ್ತಾರೆ.

ಆಟವೇ ಬೇಡವೆಂದು ಮಕ್ಕಳನ್ನು ಮನೆಯಲ್ಲಿ ಕೂರಿಸುವುದು ಇದಕ್ಕೆ ಪರಿಹಾರವಲ್ಲ. ಅವರ ದೇಹಕ್ಕೂ ಮನಸ್ಸಿಗೂ ಆಟ ಬೇಕು. ಆದರೆ ತಂಡದಿಂದ ಹೊರಗುಳಿಯುವ ಭಯಕ್ಕೆ, ಗೆಳೆಯರು ಹೇಡಿ ಎಂದಾರೆಂಬ ನಾಚಿಕೆಗೆ ಮಕ್ಕಳು ನೋವನ್ನು ಮುಚ್ಚಿಡುತ್ತಾರೆ. ತಲೆ ಪೆಟ್ಟಾದರೆ ಹೇಳು, ನಿನ್ನನ್ನು ಯಾರೂ ಬೈಯುವುದಿಲ್ಲ ಎಂಬ ಭರವಸೆಯನ್ನು ಇಂದೇ ಕೊಡಿ. ಶಾಲೆಯ ದೈಹಿಕ ಶಿಕ್ಷಕರನ್ನೋ ತರಬೇತುದಾರರನ್ನೋ ಒಮ್ಮೆ ಭೇಟಿಯಾಗಿ, ಮಗುವಿನ ತಲೆಗೆ ಪೆಟ್ಟಾದರೆ ಏನು ಮಾಡುತ್ತೀರೆಂದು ಕೇಳಿ. ನಮ್ಮ ಮೈದಾನಗಳ ಬದಿಯಲ್ಲಿ ವೈದ್ಯರಿರುವುದು ಅಪರೂಪ. ಅಲ್ಲಿರುವ ಹಿರಿಯರಿಗೆ ವಿಷಯ ತಿಳಿದಿದ್ದರೆ, ಮಗುವನ್ನು ಹೊರಗೆ ಕರೆದು ಕೂರಿಸಲು ಅಷ್ಟೇ ಸಾಕು. ಕಪ್ ಇನ್ನೊಂದು ವರ್ಷವೂ ಗೆಲ್ಲಬಹುದು.